ಬೊನೇರ್‌ಗೆ ಮೂರು ಟಿಕೆಟ್

ಫಾರ್ಮ್ ತುಂಬುವುದರಲ್ಲಿ ನಮ್ಮ ಭಾವನವರದು ಎತ್ತಿದ ಕೈ. ನನ್ನ ಗಂಡನ ಅಣ್ಣ, ಡಾಕ್ಟರ್ ಗುರುಲಿಂಗಪ್ಪ ಎಂದರೆ ಅಮೆರಿಕದ ಲಿವೋನಿಯಾ ಊರಿನಲ್ಲಿ ಎಲುಬಿನ ಡಾಕ್ಟರ್ ಎಂದು ಹೆಸರು. ನಮ್ಮ ಬಳಗದಲ್ಲಿ ಮಾತ್ರ ಅವರ ಹೆಸರು ಇರುವುದು ಫಾರ್ಮ್‌ಗಳಿಂದ. ವೀಸಾ, ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್, ಯಾರದೇ ಇರಲಿ, ಅವರೇ ತುಂಬಬೇಕು. ನೀವು ಗೂಢಚಾರರೇ? ಇಲ್ಲ. ನಿಮ್ಮನ್ನು ಯಾವಾಗಲಾದರೂ ಗಡೀಪಾರು ಮಾಡಿದ್ದಾರೆಯೇ? ಇಲ್ಲ. ಕ್ಷಯ ಇದೆಯೇ? ಇಲ್ಲ. ಹೀಗೆ ಮೇಲಿಂದ ಕೆಳಗಿನವರೆಗೆ ‘ಇಲ್ಲ’ದ ಚೌಕಗಳಿಗೆ ಗುರುತು ಹಾಕುತ್ತಾ ಹೋದರೆ ಅಮೆರಿಕ ಬಾಗಿಲು ತೆಗೆಯುತ್ತದೆ ಎಂಬುದು ಅವರ ಮೂವತ್ತು ವರ್ಷದ ಅನುಭವ. “ಹೌದು ಅಂತ ಬರದ್ರ ಮತ್ತೊಂದು ಕಾಗದ ಕೇಳ್ತಾರ,” ಎನ್ನುತ್ತಾರೆ. ಆ ಅನುಭವವನ್ನು ಅವರು ಸಮುದ್ರದ ತಳಕ್ಕೂ ಒಯ್ಯುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ದೀಪಾವಳಿಯ ಊಟಕ್ಕೆ ಅವರ ಮನೆಗೆ ಹೋದಾಗ ಮಾತು ಎದ್ದಿತು. ಏಪ್ರಿಲ್‌ನಲ್ಲಿ ಮಕ್ಕಳಿಗೆ ಸ್ಪ್ರಿಂಗ್ ಬ್ರೇಕ್. ಎರಡೂ ಮನೆಯವರು ಸೇರಿ ಕೆರಿಬಿಯನ್‌ಗೆ ಹೋಗುವುದು, ಹಾಯಿದೋಣಿಯಲ್ಲಿ ತಿರುಗುವುದು, ಡೈವಿಂಗ್ ಕಲಿತು ಸಮುದ್ರಕ್ಕೆ ಇಳಿಯುವುದು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಯಾವ ದ್ವೀಪ ಎನ್ನುವಲ್ಲಿ ಜಗಳ ಶುರುವಾಯಿತು. ಭಾವನವರಿಗೆ ಬ್ರಿಟಿಷ್ ವರ್ಜಿನ್ ದ್ವೀಪಗಳು ಬೇಕು. ಮನೆಯಷ್ಟು ದೊಡ್ಡ ಕ್ಯಾಟಮರಾನ್ ದೋಣಿ, ಅದಕ್ಕೊಬ್ಬ ಕ್ಯಾಪ್ಟನ್, ಒಂದು ದ್ವೀಪದಲ್ಲಿ ನಿಂತರೆ ಇನ್ನೊಂದು ಕಾಣುತ್ತದೆ, ಅಲೆಯ ಹೊಡೆತ ಕಡಿಮೆ, ಎಪ್ಪತ್ತೈದು ದಾಟಿದ ಅತ್ತೆ ಡೆಕ್ ಮೇಲೆ ಆರಾಮಾಗಿ ಕೂತಿರಬಹುದು. ನನಗೆ ಬೇಕಾದದ್ದು ಬೊನೇರ್. ಅದು ಇನ್ನೂ ಕೆಳಗೆ, ವೆನೆಜುವೆಲಾದ ಹತ್ತಿರ. ಅಲ್ಲಿ ಇಳಿಯಲು ದೋಣಿಯೇ ಬೇಡ. ಪಿಕಪ್ ಟ್ರಕ್ಕಿನಲ್ಲಿ ಗಾಳಿಯ ಸಿಲಿಂಡರ್ ಹೇರಿಕೊಂಡು ಹೋಗಿ, ರಸ್ತೆ ಪಕ್ಕ ಡೈವಿಂಗ್ ಜಾಗದ ಗುರುತಾದ ಹಳದಿ ಬಣ್ಣದ ಕಲ್ಲು ಕಂಡಲ್ಲಿ ನಿಲ್ಲಿಸಿ, ದಡದಿಂದ ನಡೆದುಕೊಂಡೇ ನೀರಿಗೆ ಹೋಗಬಹುದು. ನಾಲ್ಕು ಕೈ ಈಜಿದರೆ ಹವಳ. ದೋಣಿಯ ಆಸೆ ಇದ್ದವರು ಸಂಜೆ ಹಾಯಿ ಬಿಚ್ಚಿಕೊಳ್ಳಲಿ, ಯಾರು ಬೇಡ ಅಂದರು?

ನನಗೆ ಇಳಿಯಬೇಕಿತ್ತು. ರಾಣೆಬೆನ್ನೂರಿನ ಆಚೆ ತುಂಗಭದ್ರೆಯಲ್ಲಿ ಅಣ್ಣಂದಿರು ಈಜುವಾಗ ನಾನು ದಂಡೆಯ ಮೇಲೆ ಕೂತು ಅವರ ಅಂಗಿ, ಚಪ್ಪಲಿ ಕಾಯುತ್ತಿದ್ದೆ. ನನಗೆ ದಮ್ಮು, ಡಾಕ್ಟರರ ಮಾತಿನಲ್ಲಿ ಅಸ್ತಮಾ. ಒಂಬತ್ತನೇ ವಯಸ್ಸಿನಿಂದ ಇದೆ. ನಲವತ್ತು ತುಂಬಿದ ಮೇಲೆ ಹಟ ಹಿಡಿದು ಇಲ್ಲಿಯ ಪಾರ್ಕ್ ಡಿಸ್ಟ್ರಿಕ್ಟ್‌ನವರ ಸಾರ್ವಜನಿಕ ಈಜುಕೊಳದಲ್ಲಿ ಈಜು ಕಲಿತೆ. ಈಗ ನಲವತ್ನಾಲ್ಕು. ಇನ್ನೊಂದು ಸಲ ಯಾರದೋ ಟವೆಲ್ ಹಿಡಿದುಕೊಂಡು ದೋಣಿಯ ಮೇಲೆ ಕೂರುವ ಬಾಬತ್ತೇ ಇಲ್ಲ ಎಂದು ನಿಶ್ಚಯಿಸಿದ್ದೆ.

ಆದರೆ ನನಗೆ ದಮ್ಮು ಇರುವುದು ಅತ್ತೆಗಾಗಲಿ ಭಾವನವರಿಗಾಗಲಿ ಗೊತ್ತಿರಲಿಲ್ಲ. ನನ್ನನ್ನು ನೋಡಲು ಬಂದ ದಿನ ನಮ್ಮವ್ವ ಬೆಳಿಗ್ಗೆಯೇ ಗುಳಿಗೆ ನುಂಗಿಸಿ, ಊದುಬತ್ತಿ ಹಚ್ಚದೆ, ಗಿಡದ ಹೂವು ಕೂಡ ಒಳಗೆ ತರದೆ ಕೂರಿಸಿದ್ದಳು. ಮದುವೆಯಾಗಿ ಮೂರು ತಿಂಗಳಿಗೆ, ಮೊದಲ ಚಳಿಗಾಲದಲ್ಲಿ, ಗಂಡ ರಾಜಶೇಖರ್‌ಗೆ ತಿಳಿಯಿತು. ಒಳ್ಳೆಯ ಮನುಷ್ಯ, ಬಯ್ಯಲಿಲ್ಲ. “ಅವ್ವಗ ಮಾತ್ರ ಹೇಳಬ್ಯಾಡ,” ಎಂದ. ಹತ್ತೊಂಬತ್ತು ವರ್ಷ ಹೇಳಲಿಲ್ಲ. ಭಾವನ ಮನೆಗೆ ಹೋದಾಗೆಲ್ಲ ಬಾತ್‌ರೂಮಿಗೆ ಹೋಗಿ, ಫ್ಯಾನ್ ಹಾಕಿ, ನಲ್ಲಿ ಪೂರ್ತಿ ಬಿಟ್ಟು, ಆ ಸದ್ದಿನಲ್ಲಿ ಇನ್‌ಹೇಲರ್‌ನ ನೀಲಿ ಪಂಪು ಬಾಯಿಗೆ ಇಟ್ಟುಕೊಳ್ಳುತ್ತಿದ್ದೆ. ಯಾವ ಬಾತ್‌ರೂಮಿನ ಫ್ಯಾನ್ ಹೆಚ್ಚು ಗದ್ದಲ ಮಾಡುತ್ತದೆ ಎನ್ನುವುದು ಆ ಮನೆ ಕಟ್ಟಿದವನಿಗಿಂತ ನನಗೆ ಚೆನ್ನಾಗಿ ಗೊತ್ತು.

ಜನವರಿಯಲ್ಲಿ ಡೈವಿಂಗ್ ಶಾಲೆಯ ಆರೋಗ್ಯದ ಫಾರ್ಮ್ ಬಂತು. ಕೊಳದ ಪಾಠ ಮಾರ್ಚ್‌ನಲ್ಲಿ ಇಲ್ಲೇ ನಮ್ಮ ಮನೆಯ ಕಡೆ, ವೆಸ್ಟ್‌ಮಂಟ್ ಹತ್ತಿರ, ಕೊನೆಯ ಪರೀಕ್ಷೆ ಸಮುದ್ರದಲ್ಲಿ. ಭಾವನವರು ಎಲ್ಲರ ಫಾರ್ಮ್ ತರಿಸಿಕೊಂಡು, ಎಲ್ಲರಿಗೂ ತುಂಬಿ, ಸಹಿಯ ಜಾಗ ಒಂದನ್ನೇ ಖಾಲಿ ಬಿಟ್ಟು ವಾಪಸ್ ಕಳಿಸಿದ್ದರು. ಅಸ್ತಮಾ? ಇಲ್ಲ. ಹೃದಯ? ಇಲ್ಲ. ಒಂದೇ ನೇರ ಸಾಲು. ನನ್ನದು, ರಾಜಶೇಖರ್‌ದು, ಹದಿನೈದು ವರ್ಷದ ನನ್ನ ಮಗಳು ಚೇತನಾಳದು. ಮಗಳ ಫಾರ್ಮ್‌ಗೆ ತಾಯಿಯ ಸಹಿ ಬೇಕಿತ್ತು.

ನಾನು ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಅಳೆಯದ ಬಿಡಿಭಾಗಕ್ಕೆ ಸಹಿ ಹಾಕು ಎಂದು ಬಂದ ಮ್ಯಾನೇಜರನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವಳು. ಡೈವಿಂಗ್ ಶಾಲೆಯವರು ಕಳಿಸಿದ ವಿಡಿಯೊ ನೋಡಿದ್ದೆ. ಉಸಿರುನಾಳ ಕಟ್ಟಿಕೊಂಡವರು ಆಳದಿಂದ ಮೇಲೆ ಬರುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಉಬ್ಬಿ ಪುಪ್ಪುಸವೇ ಹರಿಯಬಹುದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಆದರೂ ಸಹಿ ಹಾಕಿದೆ. ಹೌದು ಎಂದು ಬರೆದರೆ ಗುಟ್ಟು ರಟ್ಟಾಗುತ್ತದೆ, ಬೊನೇರ್ ಕೈ ತಪ್ಪುತ್ತದೆ. ನನ್ನ ಜೀವ, ನನ್ನ ಇಷ್ಟ ಎಂದುಕೊಂಡೆ. ಮಗಳದ್ದಕ್ಕೆ ಯೋಚಿಸಲೂ ಇಲ್ಲ, ಅವಳಿಗೇನು, ಕುದುರೆಯ ಹಾಗೆ ಇದ್ದಾಳೆ ಎಂದು ಅದರ ಕೆಳಗೂ ಸಹಿ ಹಾಕಿ, ಎಲ್ಲವನ್ನೂ ಭಾವನವರಿಗೇ ವಾಪಸ್ ಕಳಿಸಿದೆ.

ಫೆಬ್ರವರಿಯ ಉದ್ದ ವಾರಾಂತ್ಯಕ್ಕೆ ದ್ವೀಪ ಗಟ್ಟಿ ಮಾಡೋಣ ಎಂದು ಭಾವನವರು ಕರೆದರು. ಅವರ ಮನೆ ಲಿವೋನಿಯಾದಿಂದ ಹತ್ತು ಮೈಲಿ. ಹಿಮದಲ್ಲಿ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚೇತನಾ ದೊಡ್ಡಪ್ಪನ ಮಕ್ಕಳ ಜೊತೆ ಹಿಮದ ದಿಬ್ಬದ ಮೇಲೆ ಜಾರುವ ಸ್ಲೆಡ್ ಎಳೆದಾಡಿ ಒಳಗೆ ಬಂದಳು, ಬೂಟು ಬಿಚ್ಚಿ ನೇರವಾಗಿ ಕೆಳಗಿನ ಬಾತ್‌ರೂಮಿಗೆ ಹೋದಳು. ನಾನು ಒಗೆದ ಬಟ್ಟೆ ಹಿಡಿದು ಆ ಕಡೆಯೇ ಬರುತ್ತಿದ್ದೆ. ಒಳಗೆ ಫ್ಯಾನ್ ಶುರುವಾಯಿತು. ಆಮೇಲೆ ನಲ್ಲಿ, ಪೂರ್ತಿ.

ಅಲ್ಲೇ ನಿಂತುಬಿಟ್ಟೆ. ಕೈ ತೊಳೆಯುವವರು ನಲ್ಲಿಯನ್ನು ಅಷ್ಟು ಬಿಡುವುದಿಲ್ಲ. ಬಾಗಿಲು ತೆಗೆದಾಗ ಅವಳ ಕೈಯಲ್ಲಿ ನನ್ನ ಪರ್ಸಿನ ಪಂಪು ಇತ್ತು.

“ಎಷ್ಟು ದಿನದಿಂದ?”

“ಎಯ್ತ್ ಗ್ರೇಡ್. ಸಾಕರ್ ಟೈಮಲ್ಲಿ,” ಎಂದಳು.

“ನನಗ್ಯಾಕ ಹೇಳಲಿಲ್ಲ?”

ಅವಳು ತಪ್ಪು ಮಾಡಿದವಳ ಹಾಗೆ ನೋಡಲಿಲ್ಲ. ಇದೆಂಥ ಪ್ರಶ್ನೆ ಎಂಬ ಹಾಗೆ ನೋಡಿದಳು. “ಯು ಡೋಂಟ್ ಟೆಲ್ ಎನಿಬಡಿ, ಅಮ್ಮಾ. ಐ ಥಾಟ್ ದಟ್ಸ್ ದ ರೂಲ್.”

 ಹೆಚ್ಚೆಂದರೆ ಎಳ್ಳು ಹೋಳಿಗೆ ಮಾಡುವುದು ಕಲಿಸಲಾಗಲಿಲ್ಲ, ಕನ್ನಡ ಓದಲು ಕಲಿಸಲಾಗಲಿಲ್ಲ ಎಂದು ಕೊರಗುತ್ತಿದ್ದೆ. ಏನನ್ನು ಕಲಿಸಿದ್ದೆ ಎಂದು ಈಗ ಗೊತ್ತಾಯಿತು. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿದೆ. ಇಂಥ ಮಗು ಅರವತ್ತು ಅಡಿ ನೀರಿನ ಕೆಳಗೆ ಹೋಗಬಹುದು ಎಂದು ಸಹಿ ಹಾಕಿಕೊಟ್ಟವಳು ಬೇರೆ ಯಾರೂ ಅಲ್ಲ, ನಾನೇ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತರು. ನನ್ನ ನೆಗೆಣ್ಣಿ, ಭಾವನವರ ಹೆಂಡತಿ ವಾಣಿಶ್ರೀ ಎಣಗಾಯಿ ಮಾಡಿದ್ದಳು, ರೊಟ್ಟಿ ಅತ್ತೆಯದು. ಅತ್ತೆ ಶಿವಕ್ಕ ಈಗಲೂ ರೊಟ್ಟಿ ಬಡಿಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಊಟ ಅರ್ಧ ಆಗುವಾಗ ಭಾವನವರು ಕೈ ಒರೆಸಿಕೊಂಡರು.

“ಹಂಗಾರ ಕೈ ಎತ್ರಿ. ವರ್ಜಿನ್ ಐಲ್ಯಾಂಡ್ಸ್ ಯಾರ್ಯಾರಿಗೆ?”

“ಭಾವಾರ, ಅದಕ್ಕಿಂತ ಮೊದಲ ನಂದೂ ಚೇತನಾಂದೂ ಫಾರ್ಮ್ ವಾಪಸ್ ಬೇಕ್ರಿ,” ಎಂದೆ. “ಅದರಾಗ ಸುಳ್ಳು ಐತಿ.”

“ಸುಳ್ಳಾ? ಏನ್ ಸುಳ್ಳು?”

ರಾಜಶೇಖರ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ತುಳಿಯಲಿ, ಬಾಯಿ ಇರುವುದು ಮೇಲೆ.

“ನನಗ ದಮ್ಮು ಐತ್ರಿ. ಸಣ್ಣಾಕಿದ್ದಾಗಿಂದ. ಚೇತನಾಗೂ ಐತಿ. ಇವತ್ತ ಗೊತ್ತಾತು.”

ಅತ್ತೆ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. “ಏನಂದಿ? ನಿನ್ನ ನೋಡಾಕ ಬಂದಾಗ ನಾ ಬಾಯಿಬಿಟ್ಟು ಕೇಳಿದ್ನಿ. ಹುಡುಗಿ ಮೈಯಾಗ ಏನಾರ ಐತೇನು ಅಂತ. ನಿಮ್ಮವ್ವ ಏನೂ ಇಲ್ಲ ಅಂದ್ಲು.”

“ಅಂದ್ಲ್ರಿ ಅತ್ತಿ. ಸುಳ್ಳು ಹೇಳಿದ್ಲು. ನಾನೂ ಬಾಜೂಕ ಕುಂತು ಸುಮ್ಮಿದ್ನಿ. ತಪ್ಪು ನಮ್ಮದ, ಕ್ಷಮಾ ಮಾಡ್ರಿ.”

ಅವರು ಜಗಳಕ್ಕೆ ತಯಾರಾಗಿದ್ದರು, ಒಪ್ಪಿಗೆಗೆ ತಯಾರಾಗಿರಲಿಲ್ಲ. ಮಗನ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನೋ?”

“ಹೂಂ ಅವ್ವ,” ಎಂದ ರಾಜಶೇಖರ್, ತಟ್ಟೆ ನೋಡುತ್ತಾ.

ಭಾವನವರು ಡಾಕ್ಟರ್, ಹತ್ತೊಂಬತ್ತು ವರ್ಷ ಮನೆಯೊಳಗಿನ ರೋಗಿಯನ್ನು ಗುರುತಿಸಲಿಲ್ಲ ಎಂಬುದು ಅವರಿಗೆ ಚುಚ್ಚಿರಬೇಕು. ಆದರೂ ರಾಜಿ ಮಾಡುವ ಸ್ವಭಾವ. “ಆತಾತು, ದೊಡ್ಡದು ಮಾಡಬ್ಯಾಡ್ರಿ. ಹೌದು ಅಂತ ಬರದ್ರ ಡಾಕ್ಟರ್ ಸಹಿ ಬೇಕು, ಅಷ್ಟ ಅಲ್ಲ? ಇಬ್ಬರೂ ಫಿಟ್ ಅಂತ ನಾನ ಬರದು ಕೊಡ್ತೀನಿ. ನಾನೂ ಡಾಕ್ಟರ್ ಅದೀನಲ್ಲ.”

“ನೀವು ಎಲುಬಿನ ಡಾಕ್ಟರ್ ರೀ ಭಾವಾರ. ಈಕಿ ಮೊಣಕಾಲಿನಿಂದ ಉಸಿರಾಡಂಗಿಲ್ಲ. ನಾವು ಪುಪ್ಪುಸದ ಡಾಕ್ಟರ್ ಕಡೆ ಹೋಗಿ ಖರೇ ಪರೀಕ್ಷೆ ಮಾಡಿಸ್ತೀವಿ.”

ವಾಣಿಶ್ರೀ ಫಕ್ಕನೆ ನಕ್ಕು, ಸೆರಗಿಲ್ಲದ್ದರಿಂದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಅತ್ತೆ ನಗಲಿಲ್ಲ. ಅವರು ಈಗ ದನಿ ಇಳಿಸಿದ್ದರು, ಅದು ಅವರ ಕೂಗಿಗಿಂತ ಕೆಟ್ಟದ್ದು.

“ನಿಂದು ಮುಗೀತು, ಹೋಗ್ಲಿ. ಈ ಕೂಸಿಂದು ಬರೀಬ್ಯಾಡ. ನಾಳೆ ಇದರ ಲಗ್ನ ಆಗಬೇಕು. ಕಾಗದದ ಮ್ಯಾಲೆ ಒಮ್ಮೆ ಬಿತ್ತಂದ್ರ ಅಳಿಸಾಕ ಆಗಂಗಿಲ್ಲ. ನಿಮ್ಮವ್ವ ಮಾಡಿದ್ದು ಮೋಸ ಖರೇ, ಆದ್ರ ಬುದ್ಧಿವಂತಿ. ಮುಚ್ಚಿಟ್ಟಿದ್ದಕ್ಕ ನೀ ಇಲ್ಲಿ ಕುಂತೀದಿ.”

ಆ ಮಾತು ಸತ್ಯ, ಅದಕ್ಕೇ ಉರಿಯಿತು. ನಾನು ಎದ್ದು ನಿಂತೆ.

“ಬರೀತೀನ್ರಿ ಅತ್ತಿ. ದಪ್ಪ ಅಕ್ಷರದಾಗ ಬರೀತೀನಿ. ನಾಳೆ ಬರೋರು ಓದ್ಲಿ. ಓದಿ ಎದ್ದು ಹೋಗೋರು ಚಾ ಕುಡಿಯೂದಕ್ಕಿಂತ ಮೊದಲ ಎದ್ದು ಹೋಗ್ಲಿ, ಚಾನಾರ ಉಳೀತದ. ನನ್ನಂಗ ಹತ್ತೊಂಬತ್ತು ವರ್ಷ ಕಂಡವರ ಬಾತ್‌ರೂಮಿನ್ಯಾಗ ಉಸಿರಾಡೋ ಸೊಸಿ ನಿಮ್ಮ ಮೊಮ್ಮಗಳು ಆಗಂಗಿಲ್ಲ. ನಾ ಆಗಗೊಡಂಗಿಲ್ಲ.”

ಯಾರೂ ಕೈ ಎತ್ತಲಿಲ್ಲ, ದ್ವೀಪ ಗಟ್ಟಿಯಾಗಲಿಲ್ಲ. ಅದೇ ಸಂಜೆ ಹೊರಟೆವು. ಅರ್ಧ ದಾರಿಗೆ ಕಲಮಜೂ ಊರು ದಾಟಿದೆವು. ಹಿಂದಿನ ಸೀಟಿನಿಂದ ಚೇತನಾ, “ದಟ್ ವಾಸ್ ಇಂಟೆನ್ಸ್,” ಎಂದಳು. ಆಮೇಲೆ ಸ್ವಲ್ಪ ಹೊತ್ತಿಗೆ, “ಥ್ಯಾಂಕ್ಸ್,” ಎಂದಳು.

ಡೌನರ್ಸ್ ಗ್ರೋವ್‌ನ ಪುಪ್ಪುಸದ ಡಾಕ್ಟರ್ ಬಿಳಿ ಕೂದಲಿನ, ನಿಧಾನದ ಹೆಂಗಸು. ಇಬ್ಬರನ್ನೂ ಒಂದು ಕೊಳವೆಗೆ ಊದಿಸಿದಳು, ಟ್ರೆಡ್‌ಮಿಲ್ ಮೇಲೆ ಓಡಿಸಿದಳು, ಪಂಪು ಕೊಟ್ಟು ಮತ್ತೆ ಊದಿಸಿದಳು. ಚೇತನಾಳದು ಮೊದಲು ಹೇಳಿದಳು. ಸೌಮ್ಯವಾದ ಅಸ್ತಮಾ, ದಿನವೂ ಔಷಧಿ ತೆಗೆದುಕೊಂಡು ಮೂರು ತಿಂಗಳ ನಂತರ ಬರಲಿ, ಹೀಗೇ ಸುಧಾರಿಸಿದರೆ ಡೈವಿಂಗ್‌ಗೆ ತಾನೇ ಸಹಿ ಹಾಕುತ್ತೇನೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, ಇಷ್ಟು ವರ್ಷ ದಿನದ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?

ಇಲ್ಲ ಎಂದೆ. ನೀಲಿ ಪಂಪು ಪರ್ಸಿನ ಮೂಲೆಯಲ್ಲಿ ಅಡಗುತ್ತದೆ. ದಿನದ ಔಷಧಿ ಹಾಗಲ್ಲ, ಬೆಳಿಗ್ಗೆ ಸಂಜೆ ತೆಗೆದುಕೊಳ್ಳಬೇಕು, ಅತ್ತೆ ವರ್ಷಕ್ಕೆ ಆರು ತಿಂಗಳು ನಮ್ಮ ಮನೆಯಲ್ಲಿ ಇರುತ್ತಿದ್ದರು. ಹೀಗೆಂದು ಅವಳಿಗೆ ಬಿಡಿಸಿ ಹೇಳಲಿಲ್ಲ. ಅವಳು ಪರದೆಯ ಮೇಲಿನ ಗೆರೆ ತೋರಿಸಿದಳು. ಪಂಪು ಕೊಟ್ಟ ಮೇಲೂ ನನ್ನ ಗೆರೆ ಏಳಲಿಲ್ಲ. ಉಸಿರುನಾಳದ ಗೋಡೆ ದಪ್ಪಗಾಗಿ ಹೋಗಿದೆ, ಅದು ಹಿಂದಕ್ಕೆ ಬರುವುದಿಲ್ಲ. ಮೊದಲಿನಿಂದ ಔಷಧಿ ತೆಗೆದುಕೊಂಡಿದ್ದರೆ ಬೇರೆ ಮಾತಿತ್ತು. ಈಗ ನೀರಿನ ಮೇಲೆ ಈಜಿ, ಮುಖವಾಡ ಹಾಕಿ ಸ್ನಾರ್ಕೆಲ್ ಮಾಡಿ. ಕೆಳಗೆ ಇಳಿಯುವುದು ಬೇಡ, ಈಗಲ್ಲ, ಮುಂದೆಯೂ ಅಲ್ಲ.

ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸುಳ್ಳು ಫಾರ್ಮ್ ಇದ್ದಿದ್ದರೆ ಇಳಿದುಬಿಡುತ್ತಿದ್ದೆನಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಚೇತನಾ ಪಕ್ಕದಲ್ಲಿ ಕೂತಿದ್ದಳು. “ಐ ವೋಂಟ್ ಗೋ ಐದರ್,” ಎಂದಳು. ನನಗೆ ಅಳುವಿನ ನಡುವೆಯೇ ರೇಗಿತು. “ಹೋಗ್ತೀ. ನೀ ಹೋಗಲಿಲ್ಲಂದ್ರ ನಾ ಅತ್ತದ್ದು ದಂಡ,” ಎಂದು ಕಾರು ಶುರು ಮಾಡಿದೆ.

ಮುಂದಿನ ಭಾನುವಾರ ಬೆಳಿಗ್ಗೆ ವಿಡಿಯೊ ಕಾಲ್. ಆ ಕಡೆ ಭಾವನವರು, ವಾಣಿಶ್ರೀ, ನಡುವೆ ಅತ್ತೆ. ನನ್ನ ವರದಿ ಕೇಳಿ ಭಾವನವರು ನಿಜವಾಗಿ ನೊಂದುಕೊಂಡರು. ಆಮೇಲೆ ಅವರಿಗೆ ಎಲ್ಲ ಸುಲಭವಾಗಿ ಕಂಡಿತು.

“ಹಂಗಾರ ಮುಗೀತಲ್ಲ ಸ್ವರೂಪಾ. ನೀ ಇಳಿಯಂಗಿಲ್ಲ, ಚೇತನಾ ಏಪ್ರಿಲ್‌ಗೆ ಇಳಿಯಾಕ ಆಗಂಗಿಲ್ಲ. ಬೊನೇರ್ ಯಾರ ಸಂಬಂಧ? ಎಲ್ಲಾರೂ ವರ್ಜಿನ್ ಐಲ್ಯಾಂಡ್ಸಿಗೆ ಹೋಗೂಣು. ನೀವಿಬ್ಬರೂ ಅವ್ವನ ಜೋಡಿ ಡೆಕ್ ಮ್ಯಾಲೆ ಆರಾಮ ಕುಂದರ್ರಿ.”

“ನೀವು ಹೋಗಿ ಬರ್ರಿ ಭಾವಾರ. ನಾವು ಆಗಸ್ಟಿಗೆ ಹೋಗ್ತೀವಿ. ಬೊನೇರ್‌ಗೆ. ಚೇತನಾ ಸಂಬಂಧ.”

“ಆಗಸ್ಟಿನ್ಯಾಗ ಹರಿಕೇನ್ ಬರ್ತಾವವಾ!”

“ವರ್ಜಿನ್ ಐಲ್ಯಾಂಡ್ಸಿಗೆ ಬರ್ತಾವ್ರಿ. ಬೊನೇರ್ ಅವು ಹಾಯ್ದು ಹೋಗೋ ದಾರಿಗಿಂತ ಕೆಳಗ ಐತಿ. ದ್ವೀಪಗಳನ್ನ ಹೋಲಿಸಾಕ ನೀವು ಮಾಡಿದ ಸ್ಪ್ರೆಡ್‌ಶೀಟಿನ್ಯಾಗ ನೋಡ್ರಿ, ನೀವ ಬರದೀರಿ.”

ಭಾವನವರು ಕನ್ನಡಕ ಏರಿಸಿ ನೋಡಿದರು. ಅವರೇ ಬರೆದಿದ್ದರು. ಅತ್ತೆ ನನ್ನ ಜೊತೆ ಮಾತಾಡಲಿಲ್ಲ, ಪರದೆಯ ಮೂಲೆಯಲ್ಲಿ ಕೂತಿದ್ದ ಮಗನನ್ನು ಕರೆದರು. “ರಾಜು, ನೀನಾರ ಹೇಳೋ. ಅಣ್ಣನ ಬಿಟ್ಟು ಬ್ಯಾರೆ ಹೋಗ್ತೀಯೇನು?”

ನನ್ನ ಗಂಡ ಹುಟ್ಟಿದಾಗಿನಿಂದ ಅಣ್ಣ ಕೈ ಎತ್ತಿದ ಕಡೆ ಕೈ ಎತ್ತಿದವನು. ಅವನು ಇಂಜಿನಿಯರಿಂಗ್‌ನಲ್ಲಿ ಯಾವ ಬ್ರಾಂಚ್ ಓದಬೇಕು ಎನ್ನುವುದೂ ಅಣ್ಣನದೇ ತೀರ್ಮಾನ. ಈಗಲೂ ಅತ್ತ ಕಡೆಯೇ ವಾಲುತ್ತಾನೆ ಎಂದುಕೊಂಡು ನಾನು ಉತ್ತರ ತಯಾರು ಮಾಡಿಕೊಳ್ಳುತ್ತಿದ್ದೆ. ಅವನು ಪರದೆಯ ನಡುವಿಗೆ ಸರಿದ.

“ಅವ್ವ, ಹೇಳಬ್ಯಾಡ ಅಂತ ಈಕಿಗೆ ಹೇಳಿದಾಂವ ನಾನ. ಔಷಧಿ ತಗೊಳ್ಳಲಿಲ್ಲ ಈಕಿ, ಅದೂ ನನ್ನ ಸಂಬಂಧ. ಈಗ ಈಕಿ ಪುಪ್ಪುಸ ಹೋತು. ನಾ ಬೊನೇರ್‌ಗೆ ಹೋಗ್ತೀನಿ.”

ಅಷ್ಟು ಉದ್ದದ ಮಾತನ್ನು ಅವನು ತಾಯಿಯೆದುರು ಆಡಿದ್ದು ನಾನು ಕೇಳಿರಲಿಲ್ಲ. ಅತ್ತೆ ಎದ್ದು ಹೋದರು. ಖಾಲಿ ಕುರ್ಚಿ ಸ್ವಲ್ಪ ಹೊತ್ತು ಪರದೆಯ ಮೇಲೆ ಇತ್ತು. ಅದೇ ಮಧ್ಯಾಹ್ನ ಮೂರು ಟಿಕೆಟ್ ತೆಗೆದೆವು. ಚೇತನಾಳ ಹೊಸ ಫಾರ್ಮನ್ನು ಅವಳ ಕೈಯಿಂದಲೇ ತುಂಬಿಸಿದೆ.

ಏಪ್ರಿಲ್‌ನಲ್ಲಿ ಅವರು ವರ್ಜಿನ್ ದ್ವೀಪಗಳಿಗೆ ಹೋಗಿ ಬಂದರು. ಫೋಟೊ ಚೆನ್ನಾಗಿದ್ದವು, ಹಾಗೆಂದು ಬರೆದೂ ಕಳಿಸಿದೆ. ಜೂನ್‌ನಲ್ಲಿ ಡಾಕ್ಟರ್ ಚೇತನಾಳನ್ನು ಮತ್ತೆ ಓಡಿಸಿ, ಊದಿಸಿ, ಸಹಿ ಹಾಕಿದಳು. ಜುಲೈಯಲ್ಲಿ ಅಪ್ಪ ಮಗಳು ಕೊಳದ ಪಾಠ ಮುಗಿಸಿದರು. ಅತ್ತೆ ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ರೊಟ್ಟಿ ನೆನಪಾಗುತ್ತದೆ. ಆದರೆ ಕ್ಷಮೆ ಕೇಳಬೇಕಾದದ್ದನ್ನು ಅವತ್ತು ಊಟದ ಮೇಜಿನಲ್ಲೇ ಕೇಳಿಯಾಗಿದೆ. ಉಳಿದದ್ದಕ್ಕೆ ಕೇಳುವುದಿಲ್ಲ.

ಆಗಸ್ಟ್ ಎರಡನೇ ವಾರ ಬೊನೇರ್. ಹಳದಿ ಕಲ್ಲಿನ ಪಕ್ಕ ಟ್ರಕ್ ನಿಲ್ಲಿಸಿ, ಅಪ್ಪ ಮಗಳು ಸಿಲಿಂಡರ್ ಹೊತ್ತು ಇನ್‌ಸ್ಟ್ರಕ್ಟರ್ ಜೊತೆ ನೀರಿಗೆ ನಡೆದರು. ನಾನು ಮುಖವಾಡ, ಸ್ನಾರ್ಕೆಲ್ ಕೊಳವೆ ಹಾಕಿಕೊಂಡು ಹಿಂದೆಯೇ ಹೋದೆ. ಇಪ್ಪತ್ತು ಗಜ ಈಜಿದ ಮೇಲೆ ತಳ ಒಮ್ಮೆಲೇ ಕೆಳಗಿಳಿದು ನೀಲಿಯಾಯಿತು. ಅವರು ಮೂವರೂ ಅಂಚಿನಾಚೆ ನಿಧಾನ ಇಳಿದರು. ನಾನು ಮೇಲೇ ತೇಲುತ್ತಾ ಉಳಿದೆ. ಚೇತನಾ ಒಮ್ಮೆ ಮಲಗಿದ ಹಾಗೆ ತಿರುಗಿ ಮೇಲೆ ನೋಡಿ ಕೈ ಬೀಸಿದಳು. ಅವಳ ಗುಳ್ಳೆಗಳು ಸಮನಾಗಿ, ಒಂದಾದ ಮೇಲೊಂದು ನನ್ನ ಹೊಟ್ಟೆಗೆ ಬಂದು ತಾಗುತ್ತಿದ್ದವು. ಹೊಟ್ಟೆಕಿಚ್ಚಾಯಿತು. ಸಂತೋಷವೂ ಆಯಿತು. ಎರಡೂ ಒಟ್ಟಿಗೆ, ಯಾವುದು ಹೆಚ್ಚು ಎಂದು ತೂಗಲು ಹೋಗಲಿಲ್ಲ.

ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರಿನ ಸದ್ದು ಬಹಳ ದೊಡ್ಡದಾಗಿ ಕೇಳುತ್ತದೆ. ಎಳೆದಾಗ ಒಮ್ಮೆ, ಬಿಟ್ಟಾಗ ಒಮ್ಮೆ. ನನ್ನದರಲ್ಲಿ ಕೊನೆಗೊಂದು ಸಣ್ಣ ಸಿಳ್ಳೂ ಇದೆ. ಪಕ್ಕದಲ್ಲಿ ತೇಲುತ್ತಿದ್ದ ಯಾರೋ ಗಂಡಸು ತಲೆ ಎತ್ತಿ, “ಆರ್ ಯು ಓಕೆ?” ಎಂದು ಕೇಳಿದ. ಬಾಯಿಂದ ಕೊಳವೆ ತೆಗೆದು, “ಅಸ್ತಮಾ,” ಎಂದೆ. ಮತ್ತೆ ಮುಖ ನೀರಿಗಿಟ್ಟು, ಕೆಳಗೆ ಮಗಳನ್ನು ನೋಡುತ್ತಾ, ಬೇಕಾದಷ್ಟು ಜೋರಾಗಿ ಉಸಿರಾಡಿದೆ.